ಹಿರಿಯರ ಪ್ರವಾಸಕ್ಕೂ ಒಂದು ಮುಂಗಡಪತ್ರ

ವರ್ಷವಿಡೀ ಅಂಗಡಿ, ಕಾರ್ಖಾನೆಗಳಿಂದ ಬಿಡುವು ದೊರೆಯದ ನಮ್ಮ ವರ್ತಕ ಬಂಧುಗಳು ಮನೆಯ ಹಿರಿಯರನ್ನು ಪ್ರವಾಸಕ್ಕೆ ಕರೆದೊಯ್ಯುವುದು ಸಾಮಾನ್ಯವಾಗಿ ವಾರದ ರಜೆಯ ಒಂದೇ ದಿನದಲ್ಲಿ. ಬೆಳಗಿನ ಜಾವ ತುಮಕೂರು ಬಿಟ್ಟು ದೇವರಾಯನದುರ್ಗ, ಗುಬ್ಬಿ, ಕುಣಿಗಲ್, ಎಡೆಯೂರುಗಳನ್ನು ಮುಗಿಸಿ ರಾತ್ರಿ ಮನೆ ಸೇರುವುದು ಅವರ ಯೋಜನೆ. ಕಿಲೋಮೀಟರಿನ ಲೆಕ್ಕದಲ್ಲಿ ಇದು ಸಾಧ್ಯ. ಎಪ್ಪತ್ತು ದಾಟಿದ ದೇಹದ ಲೆಕ್ಕದಲ್ಲಿ ನಷ್ಟದ ವ್ಯವಹಾರ.

ಸವಕಳಿಯನ್ನು ಕಳೆದ ನಂತರವೇ ಲಾಭಾಂಶ ಹಂಚಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಪ್ರವಾಸದಲ್ಲಿಯೂ ಊಟ, ಔಷಧ, ಶೌಚ, ಮಧ್ಯಾಹ್ನದ ನಿದ್ರೆಗೆ ಬೇಕಾದ ವೇಳೆಯನ್ನು ಮೊದಲು ಕಳೆದು, ಉಳಿದುದನ್ನು ಮಾತ್ರ ಸ್ಥಳಗಳಿಗೆ ಹಂಚತಕ್ಕದ್ದು.

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ಬೆಳಿಗ್ಗೆ ಉಪಾಹಾರದ ನಂತರ ಹೊರಟು ಚನ್ನಬಸವೇಶ್ವರಸ್ವಾಮಿಯ ದರ್ಶನ ಮಾಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಿದರೆ ಅದೇ ಒಂದು ದಿನದ ಪ್ರವಾಸ. ಕುಣಿಗಲ್ ಮತ್ತು ಎಡೆಯೂರು ಸಿದ್ಧಲಿಂಗೇಶ್ವರ ಕ್ಷೇತ್ರಕ್ಕೆ ಮತ್ತೊಂದು ದಿನವನ್ನು ಮೀಸಲಿಡಬೇಕು. ದೇವರಾಯನದುರ್ಗದಲ್ಲಿ ಮಂಡಿನೋವಿನವರಿಗೆ ಕೆಳಗಿನ ಭೋಗ ನರಸಿಂಹಸ್ವಾಮಿಯ ದರ್ಶನವೇ ಸಾಕು. ಮೇಲಿನ ಯೋಗ ನರಸಿಂಹಸ್ವಾಮಿಯ ಮೆಟ್ಟಿಲುಗಳನ್ನು ಹತ್ತಲೇಬೇಕೆಂಬ ಒತ್ತಾಯ ಬೇಡ.

ಮಾರ್ಗದಲ್ಲಿ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ಅನೇಕ ಹಿರಿಯರು, ವಿಶೇಷವಾಗಿ ಮಹಿಳೆಯರು, ನೀರನ್ನೇ ಕುಡಿಯುವುದಿಲ್ಲ. ಇದರಿಂದ ತಲೆಸುತ್ತು, ಮೂತ್ರದ ಸೋಂಕು ತಲೆದೋರಬಹುದು. ಬಹಳ ಹೊತ್ತು ಕಾಲು ಇಳಿಬಿಟ್ಟು ಕುಳಿತರೆ ಪಾದಗಳು ಊದಿಕೊಳ್ಳುತ್ತವೆ. ಆದುದರಿಂದ ಒಂದೂವರೆ ಗಂಟೆಗೊಮ್ಮೆ ವಾಹನ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸುವುದು, ಸಕ್ಕರೆ ಕಾಯಿಲೆಯವರ ಊಟದ ವೇಳೆ ತಪ್ಪದಂತೆ ನೋಡುವುದು ಅವಶ್ಯ.

ಖರ್ಚಿನ ಮಾತೂ ಇದೆ. ರೈಲ್ವೆಯು ಹಿರಿಯ ನಾಗರಿಕರಿಗೆ ನೀಡುತ್ತಿದ್ದ ಪ್ರಯಾಣದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು. ಇನ್ನೊಂದೆಡೆ, ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಬಸ್ಸಿನ ದರದಲ್ಲಿ ಉಳಿದ ಹಣವನ್ನು ಉಳಿತಾಯವೆಂದು ಬರೆದುಕೊಳ್ಳದೆ, ತಾಯಂದಿರು ಮಧ್ಯಾಹ್ನ ಎರಡು ಗಂಟೆ ಮಲಗಲು ವಸತಿಗೃಹದ ಕೊಠಡಿಗೆ ವೆಚ್ಚ ಮಾಡುವುದು ಲೇಸು.

ಹಿರಿಯರು ತಮ್ಮ ಆಯಾಸವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳ ಉತ್ಸಾಹಕ್ಕೆ ಭಂಗ ಬಾರದಿರಲೆಂದು ಸುಮ್ಮನೆ ನಡೆಯುತ್ತಾರೆ; ಮುಂದಿನ ಸಲ ಕರೆದಾಗ ಮಾತ್ರ “ನೀವು ಹೋಗಿಬನ್ನಿ” ಎನ್ನುತ್ತಾರೆ. ಅಲ್ಲಿಗೆ ಅವರ ಪ್ರವಾಸದ ಖಾತೆ ಮುಕ್ತಾಯವಾದಂತೆಯೇ. ಎರಡು ಸ್ಥಳ ಕಡಿಮೆಯಾದರೂ ಚಿಂತೆಯಿಲ್ಲ, ಆ ಖಾತೆ ಚಾಲ್ತಿಯಲ್ಲಿರಬೇಕು.

ಹೆದ್ದಾರಿಯ ಬದಿಯಲ್ಲಿ ಹೋಟೆಲು, ಅಂಗಡಿ ನಡೆಸುವ ಸದಸ್ಯರು ನಾಲ್ಕು ಕುರ್ಚಿ, ಮೆಟ್ಟಿಲಿಗೊಂದು ಹಿಡಿಕಂಬಿ, ಶುಚಿಯಾದ ಶೌಚಾಲಯವನ್ನು ಒದಗಿಸುವುದು ಒಳ್ಳೆಯದು. ಹಿರಿಯರು ಕೂರಬಲ್ಲ ಜಾಗದಲ್ಲಿಯೇ ಇಡೀ ಕುಟುಂಬ ನಿಲ್ಲುತ್ತದೆ. ವ್ಯಾಪಾರವೂ ಅಲ್ಲಿಯೇ ನಡೆಯುತ್ತದೆ.