ಹೊಳೆ ಎಷ್ಟು ಒರಟು? ಮಲಪ್ರಭೆಯ ಒಂದು ಲೆಕ್ಕ

ಅಮೀನಗಡ ಅಂದ ಕೂಡಲೇ ಕರದಂಟು ನೆನಪಾಗುತ್ತೆ. ಇವತ್ತು ಮಾತ್ರ ಅದರ ಆಸುಪಾಸಿನಲ್ಲೇ ಹರಿಯೋ ಮಲಪ್ರಭೆಯ ಮಾತು. 2019ರ ಆಗಸ್ಟ್‌ನಲ್ಲಿ ಈ ಹೊಳೆ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿತು, ಐಹೊಳೆಯನ್ನೂ ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ನಾವೆಲ್ಲ ಕೇಳೋದು, ನವಿಲುತೀರ್ಥ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು ಅಂತ. ಅದಷ್ಟೇ ಗೊತ್ತಾದ್ರೆ ನೀರು ಎಲ್ಲಿ ತನಕ ಏರುತ್ತೆ ಅಂತ ಹೇಳೋಕಾಗಲ್ಲ. ಹೊಳೆಯ ಒರಟುತನವೂ ಗೊತ್ತಿರಬೇಕು.

1889ರಲ್ಲಿ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಮಂಡಿಸಿದ ಸೂತ್ರದ ಪ್ರಕಾರ ಇದನ್ನು 'ಎನ್' ಅಂತ ಕರೀತಾರೆ. ನುಣುಪು ಕಾಂಕ್ರೀಟ್ ಕಾಲುವೆಗೆ ಎನ್ ಸುಮಾರು 0.013. ನೆಟ್ಟಗೆ ಹರಿಯೋ ಸ್ವಚ್ಛ ಹೊಳೆಗೆ 0.03. ದಟ್ಟ ಕಂಟಿ ಬೆಳೆದ ದಂಡೆಗೆ 0.1, ಕೆಲವೊಮ್ಮೆ ಇನ್ನೂ ಹೆಚ್ಚು. ಆಳ, ಇಳಿಜಾರು ಅಷ್ಟೇ ಇದ್ದು ಎನ್ ಇಮ್ಮಡಿಯಾದ್ರೆ ನೀರಿನ ವೇಗ ಅರ್ಧ.

ಆದ್ರೆ ಮೇಲಿಂದ ಬರೋ ನೀರು ನಿಲ್ಲಲ್ಲವಲ್ಲ, ಏರುತ್ತೆ. ಅಗಲವಾದ ಹೊಳೆಯಲ್ಲಿ ಎನ್ ಇಮ್ಮಡಿಯಾದ್ರೆ ಅಷ್ಟೇ ನೀರು ಸಾಗೋಕೆ ಸುಮಾರು ಒಂದೂವರೆ ಪಟ್ಟು ಆಳ ಬೇಕು. 4 ಮೀಟರ್ ಇದ್ದದ್ದು 6 ಮೀಟರ್! ಡ್ಯಾಮಿನಿಂದ ಒಂದು ಹನಿ ಹೆಚ್ಚು ಬಿಡದೇನೇ.

ಹಾಗಾದ್ರೆ ಮಲಪ್ರಭೆಗೆ ಎಷ್ಟು ಎನ್ ಇಡಬೇಕು? ಕಷ್ಟ ಇರೋದೇ ಇಲ್ಲಿ. ನಡುವಿನ ಮರಳು, ದಂಡೆಯ ಬಳ್ಳಾರಿ ಜಾಲಿ, ಅದರಾಚೆ ಎರಿ ಹೊಲದ ಕಬ್ಬು, ಒಂದೊಂದಕ್ಕೂ ಬೇರೆ ಅಂಕಿ. ಉಪಗ್ರಹ ಚಿತ್ರದಲ್ಲಿ ಇದು ಬೆಳೆ, ಇದು ಪೊದೆ ಅಂತ ಗುರುತಿಸಿ, ಪಟ್ಟಿ ನೋಡಿ ಅಂಕಿ ತುಂಬೋದು ಸುಲಭದ ದಾರಿ. ವೆನ್ ಟೆ ಚೌ ಅವರ 1959ರ ಪುಸ್ತಕದ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಬೆಳೆದು ನಿಂತ ಪೈರಿಗೆ 0.04 ಅಂತಿದೆ, ಕಡಲೆಯೋ ಕಬ್ಬೋ ಅಂತ ಹೇಳಿಲ್ಲ. ಹೀಗಾಗಿ ನನಗೆ ಈ ದಾರಿ ಮೇಲೆ ಪೂರ್ತಿ ಭರವಸೆ ಇಲ್ಲ. ಮೇಲಿಂದ ಹಸಿರಾಗಿ ಕಾಣೋದು ಮೊಣಕಾಲೆತ್ತರದ ಹುಲ್ಲೋ, ಆಳೆತ್ತರದ ಜಾಲಿಯೋ? ಕಬ್ಬು ಕಟಾವಾದ ಮೇಲಿನ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕಿದ್ರೆ ನೀರು ಕಂಪ್ಯೂಟರಿನಲ್ಲಿ ಸರಾಗ ಹರಿದುಹೋಗುತ್ತೆ. ಹೊಳೆ ತುಂಬೋ ಆಗಸ್ಟ್‌ನಲ್ಲಿ ಹೊಲ ಬೋಳಾಗಿರಲ್ಲ, ನೋಡ್ರಿ.

ಅದಕ್ಕೇ ಅಂಕಿಯನ್ನು ಹಿಂದಿನ ಪ್ರವಾಹದ ಜೊತೆ ಹೊಂದಿಸಿ ನೋಡ್ತಾರೆ. ಹರಿದ ನೀರೆಷ್ಟು ಅಂತ ಗೊತ್ತಿದ್ದು, ಗೋಡೆ ಮೇಲಿನ ಕೆಸರಿನ ಗೆರೆಯ ಎತ್ತರ ಸಿಕ್ಕರೆ, ಲೆಕ್ಕದ ನೀರು ಆ ಗೆರೆ ಮುಟ್ಟೋ ತನಕ ಎನ್ ಹೆಚ್ಚುಕಡಿಮೆ ಮಾಡ್ತಾ ಹೋಗೋದು. ನಿಮ್ಮ ಫೋನಿನಲ್ಲಿ 2019ರ ಫೋಟೋ ಇದ್ರೆ, ನೀರು ಯಾವ ಮೆಟ್ಟಿಲು, ಯಾವ ಕಿಟಕಿ ತನಕ ಬಂದಿತ್ತು ಅಂತ ಕಾಣೋ ಹಾಗಿದ್ರೆ, ದಿನಾಂಕ ಸಮೇತ ಉಳಿಸಿಕೊಳ್ಳಿ, ಅಳಿಸಬೇಡ್ರಿ.