ಬಗ್ ಪರಿಶೀಲನೆ: ಸಭೆಯಿಂದ ಸರದಿಗೆ

ತಂತ್ರಾಂಶದಲ್ಲಿ ಬಳಕೆದಾರರೋ ಪರೀಕ್ಷಕರೋ ಕಂಡ ಬಗ್‌ಗಳೆಲ್ಲ ನೇರವಾಗಿ ದುರಸ್ತಿಗೆ ಹೋಗುವುದಿಲ್ಲ. ದೂರು ನಿಜವೇ, ಹೇಳಿದ ಹಾಗೆ ಮಾಡಿದರೆ ದೋಷ ಮತ್ತೆ ಕಾಣಿಸುತ್ತದೆಯೇ, ಇದೇ ದೂರು ಹಿಂದೆ ಬಂದಿತ್ತೇ, ಎಷ್ಟು ತುರ್ತು, ಯಾರ ಪಾಲಿನ ಕೆಲಸ ಎಂಬುದು ಮೊದಲು ತೀರ್ಮಾನವಾಗಬೇಕು. ಅನೇಕ ತಂಡಗಳು ಇದಕ್ಕೆಂದೇ ವಾರಕ್ಕೊಮ್ಮೆ ಸಭೆ ಸೇರುತ್ತವೆ. ಈ ಸಭೆಯನ್ನು ಕೈಬಿಟ್ಟು, ಪ್ರತಿಯೊಬ್ಬರೂ ತಮಗೆ ಬಿಡುವಾದಾಗ ಓದಿ, ಬರೆದು, ತೀರ್ಮಾನಿಸುವ ಕ್ರಮಕ್ಕೆ ಗಟ್ಟಿಯಾದ ಆಧಾರಗಳಿವೆ.

ಒಟ್ಟಿಗೆ ಕುಳಿತು ದೋಷ ಹುಡುಕುವುದಕ್ಕೆ ಶಿಸ್ತಿನ ರೂಪ ಕೊಟ್ಟವರು ಐಬಿಎಂನ ಮೈಕಲ್ ಫೇಗನ್. ಬರೆದ ಕೋಡನ್ನು ತಂಡವೊಂದು ಸಭೆಯಲ್ಲಿ ಸಾಲುಸಾಲಾಗಿ ಪರಿಶೀಲಿಸುವ ವಿಧಾನವನ್ನು ಅವರು 1976ರಲ್ಲಿ ಪ್ರಕಟಿಸಿದರು. ಒಬ್ಬರಿಗೆ ಹೊಳೆಯದ್ದು ನಾಲ್ವರು ಸೇರಿದಾಗ ಹೊಳೆಯುತ್ತದೆ ಎಂಬ ನಂಬಿಕೆ ಆಗ ಬೇರೂರಿತು. 1993ರಲ್ಲಿ ಎಟಿ&ಟಿ ಬೆಲ್ ಲ್ಯಾಬ್ಸ್‌ನ ಲಾರೆನ್ಸ್ ವೊಟ್ಟಾ ಆ ನಂಬಿಕೆಯನ್ನೇ ಅಳತೆಗೆ ಒಡ್ಡಿದರು. ಸಿಕ್ಕ ದೋಷಗಳಲ್ಲಿ ಬಹುಪಾಲನ್ನು ಪರಿಶೀಲಕರು ಸಭೆಗೆ ಮುನ್ನ ಒಬ್ಬೊಬ್ಬರೇ ಓದುವಾಗಲೇ ಕಂಡುಕೊಂಡಿದ್ದರು. ಸಭೆಯಲ್ಲಿ ಹೊಸದಾಗಿ ಸಿಕ್ಕಿದ್ದು ಶೇ 4ರ ಆಸುಪಾಸು. ಎಲ್ಲರಿಗೂ ಹೊಂದುವ ಸಮಯಕ್ಕೆ ಕಾಯುವುದರಲ್ಲೇ ದಿನಗಳು ಕಳೆಯುತ್ತಿದ್ದವು.

1998ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಫಿಲಿಪ್ ಜಾನ್ಸನ್ ಮತ್ತು ದನು ತ್ಜಾಯೋನೊ ಪ್ರಕಟಿಸಿದ ಪ್ರಯೋಗದಲ್ಲೂ ಸಭೆ ಸೇರಿದ ಗುಂಪುಗಳು ಹೆಚ್ಚು ದೋಷ ಹಿಡಿಯಲಿಲ್ಲ, ಖರ್ಚು ಮಾತ್ರ ಹೆಚ್ಚಾಯಿತು. ಆದರೆ ದೋಷವಲ್ಲದ್ದನ್ನು ದೋಷವೆಂದು ಎಣಿಸುವ ತಪ್ಪು ಸಭೆಯಲ್ಲಿ ಕಡಿಮೆಯಾಯಿತು. ಸಭೆಯೇ ಬೇಡವೆನ್ನುವ ಉತ್ಸಾಹಿಗಳು ಈ ಎರಡನೆಯ ಅರ್ಧವನ್ನು ಮರೆಯಬಾರದು. ಬಗ್ ಪರಿಶೀಲನೆಯಲ್ಲಿ ಜೊಳ್ಳನ್ನು ಬೇರ್ಪಡಿಸುವುದೇ ಮುಖ್ಯ ಕೆಲಸ. ಸಭೆ ಹೋದರೂ ಆ ಕೆಲಸಕ್ಕೆ ಬೇರೆ ಏರ್ಪಾಡು ಬೇಕೇ ಬೇಕು.

ವಾರದ ಸಭೆಯ ದೊಡ್ಡ ನಷ್ಟ ಕಾಯುವಿಕೆ. ಸಂತೆಯ ಮರುದಿನ ಕೊಯ್ದ ತರಕಾರಿ ಮುಂದಿನ ಸಂತೆಯವರೆಗೆ ಕೊಟ್ಟಿಗೆಯಲ್ಲೇ ಇರಬೇಕು. ಬಗ್‌ನ ಪಾಡೂ ಅದೇ. ದೂರುಗಳು ವಾರವಿಡೀ ಒಂದೇ ಸಮನೆ ಬರುತ್ತವೆ ಎಂದುಕೊಂಡರೆ, ಯಾರ ಕಣ್ಣಿಗೂ ಬೀಳುವ ಮುನ್ನ ಪ್ರತಿ ದೂರು ಸರಾಸರಿ ಮೂರೂವರೆ ದಿನ ಕಾಯುತ್ತದೆ. ಇನ್ನು ಎಂಟು ಮಂದಿ ಒಂದು ಗಂಟೆ ಕೂತರೆ ವ್ಯಯವಾಗುವುದು ಎಂಟು ಗಂಟೆಗಳ ದುಡಿಮೆ. ಒಂದು ಬಗ್‌ನ ಚರ್ಚೆ ನಡೆಯುವಾಗ ಅದಕ್ಕೆ ಸಂಬಂಧಪಟ್ಟವರು ಇಬ್ಬರೋ ಮೂವರೋ, ಉಳಿದವರು ಕೇಳುಗರು. ಬೆಂಗಳೂರಿನ ಹಾಗೂ ಕ್ಯಾಲಿಫೋರ್ನಿಯಾದ ಗಡಿಯಾರಗಳ ನಡುವೆ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಎರಡೂ ಕಡೆಯವರು ಕೂಡುವ ಸಭೆ ಒಬ್ಬರ ಮನೆಯ ಹೊತ್ತನ್ನು ಕಸಿಯದೆ ನಡೆಯಲಾರದು.

ದೇಶದೇಶಗಳಲ್ಲಿ ಚದುರಿ ಮುಕ್ತ ತಂತ್ರಾಂಶ ಕಟ್ಟುವ, ಒಂದೆಡೆ ಸೇರಲು ಸಾಧ್ಯವೇ ಇಲ್ಲದವರು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡರು. ಮೊಜಿಲ್ಲಾ ಯೋಜನೆಗಾಗಿ 1998ರಲ್ಲಿ ಟೆರಿ ವೈಸ್‌ಮನ್ ರೂಪಿಸಿದ ದೂರು ನಿರ್ವಹಣಾ ತಂತ್ರಾಂಶ ಬಗ್‌ಜಿಲ್ಲಾದಲ್ಲಿ ಪ್ರತಿ ದೂರಿಗೂ ಒಂದು ಸಂಖ್ಯೆ, ಒಂದು ಸ್ಥಿತಿ, ಒಬ್ಬ ಹೊಣೆಗಾರ. ದೂರಿನ ಕೆಳಗೆ ಬೆಳೆಯುವ ಟಿಪ್ಪಣಿಗಳೇ ಚರ್ಚೆ. ಅಪಾಚೆ ಯೋಜನೆಗಳಲ್ಲಿ ಮತಕ್ಕೆ ಹಾಕಿದ ಪ್ರಸ್ತಾಪವನ್ನು ಸಾಮಾನ್ಯವಾಗಿ ಕನಿಷ್ಠ 72 ಗಂಟೆ ತೆರೆದಿಡುತ್ತಾರೆ; ಭೂಮಿಯ ಯಾವ ಮೂಲೆಯವರಿಗೂ ಓದಿ ಉತ್ತರಿಸಲು ಅಷ್ಟು ಹೊತ್ತು ಸಾಕು.

ಕಚೇರಿಯ ತಂಡವೂ ಇದೇ ಜಾಡಿನಲ್ಲಿ ನಡೆಯಬಹುದು. ವಾರಕ್ಕೊಬ್ಬರಂತೆ ಸರದಿಯಲ್ಲಿ ಒಬ್ಬ ಎಂಜಿನಿಯರ್ ಹೊಸ ದೂರುಗಳನ್ನು ಅಂದಂದೇ ಓದುತ್ತಾರೆ. ಜೊಳ್ಳು ತೆಗೆಯುವ ಕೆಲಸ ಅವರದು: ದೋಷವನ್ನು ತಾವೇ ಮರುಕಳಿಸಿ ನೋಡುತ್ತಾರೆ, ಮಾಹಿತಿ ಸಾಲದಿದ್ದರೆ ವರದಿ ಮಾಡಿದವರನ್ನು ಕೇಳುತ್ತಾರೆ, ಹಳೆಯ ದೂರಿನ ನಕಲಾದರೆ ಅದಕ್ಕೆ ಜೋಡಿಸುತ್ತಾರೆ. ಆಮೇಲೆ ಆದ್ಯತೆಯನ್ನೂ ಹೊಣೆಗಾರರನ್ನೂ ಸೂಚಿಸಿ, ಕಾರಣವನ್ನು ಎರಡು ಸಾಲಿನಲ್ಲಿ ಬರೆಯುತ್ತಾರೆ. ಗೊತ್ತುಪಡಿಸಿದ ಗಡುವಿನೊಳಗೆ ಯಾರೂ ಆಕ್ಷೇಪಿಸದಿದ್ದರೆ ಅದೇ ತೀರ್ಮಾನ. ಗಡುವಿಲ್ಲದ ಕಡೆ ಈ ಪದ್ಧತಿ ಕುಸಿಯುತ್ತದೆ. ಎಲ್ಲರೂ ನೋಡಬಹುದಾದ ದೂರನ್ನು ಕೊನೆಗೆ ಯಾರೂ ನೋಡುವುದಿಲ್ಲ.

ಟಿಪ್ಪಣಿಗಳು ಎರಡು ಮೂರು ಸುತ್ತು ಹೋಗಿಬಂದರೂ ಒಮ್ಮತ ಮೂಡದ ಬಗ್‌ಗಳಿಗೆ ಮಾತೇ ಮದ್ದು. ಸಂಬಂಧಪಟ್ಟ ಇಬ್ಬರು ಮೂವರು ಹತ್ತು ನಿಮಿಷ ಕರೆಯಲ್ಲಿ ಮಾತಾಡಿ, ನಿರ್ಧಾರವನ್ನು ದೂರಿನಲ್ಲೇ ದಾಖಲಿಸಿದರೆ ಸಾಕು. ಸೇವೆಯೇ ನಿಂತುಹೋದಾಗ, ಇಲ್ಲವೇ ಭದ್ರತೆಯಲ್ಲಿ ಬಿರುಕು ಕಂಡಾಗ ಮಾತ್ರ ಗಡುವಿಗೆ ಕಾಯುವಂತಿಲ್ಲ. ಅಂಥ ದೂರು ಸರದಿಯವರ ಕೈಯಿಂದ ನೇರವಾಗಿ ತುರ್ತು ತಂಡಕ್ಕೆ ಹೋಗಬೇಕು, ಭದ್ರತೆಯ ದೂರಾದರೆ ಅದರ ವಿವರ ಆ ತಂಡದ ಹೊರಗೆ ಯಾರಿಗೂ ಕಾಣದಂತಿರಬೇಕು.