ಗಿರಾಕಿ ಬರುವ ಮುನ್ನ ಒಂದು ಚಳಿಗಾಲ

ಅಮೆರಿಕದ ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಮಿಷಿಗನ್‌ನಂಥ ರಾಜ್ಯಗಳಲ್ಲಿ ನವೆಂಬರ್ ಎಂದರೆ ಜಿಂಕೆಯ ತಿಂಗಳು. ಬೇಟೆಗೆ ಅಲ್ಲಿ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಜಿಂಕೆ, ಬಂದೂಕೋ ಬಿಲ್ಲೋ ಎಲ್ಲಕ್ಕೂ ನಿಯಮವುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳ ಸಂಖ್ಯೆ ಇಂದು ಮೂರು ಕೋಟಿಯ ಆಸುಪಾಸು. ವರ್ಷಕ್ಕೆ ಸುಮಾರು 60 ಲಕ್ಷ ಜಿಂಕೆಗಳು ಬೇಟೆಯಾಗುತ್ತವೆ. ಮಾಂಸ ಫ್ರೀಜರಿಗೆ ಹೋಗುತ್ತದೆ. ಕೊಂಬು ಚೆನ್ನಾಗಿದ್ದರೆ ತಲೆ ಹಜಾರದ ಗೋಡೆಗೆ ಹೋಗುತ್ತದೆ.

ಹೀಗೆ ಗೋಡೆಗೆ ಏರಿಸುವ ಕೆಲಸಕ್ಕೆ ಟ್ಯಾಕ್ಸಿಡರ್ಮಿ ಎಂದು ಹೆಸರು. ಕನ್ನಡದಲ್ಲಿ ಚರ್ಮಪ್ರಸಾಧನ ಎನ್ನುವುದುಂಟು. ಹೈಸ್ಕೂಲು ಮುಗಿಸಿದ ಎಷ್ಟೋ ಹುಡುಗರು ಅಲ್ಲಿ ಇದನ್ನು ಮನೆಯ ಗ್ಯಾರೇಜಿನಲ್ಲಿ ತಾವಾಗಿಯೇ ಕಲಿಯಲು ತೊಡಗುತ್ತಾರೆ. ತೊಂದರೆ ಶುರುವಾಗುವುದು ಮೊದಲ ತಲೆ ಮುಗಿದ ಮೇಲೆ. ಪಕ್ಕದ ಮನೆಯಾತ ಬಂದು ನೋಡುತ್ತಾನೆ. ದೂರದಿಂದ ಜಿಂಕೆಯ ಹಾಗೆಯೇ ಕಾಣುತ್ತದೆ. 'ನನ್ನದೂ ಒಂದು ಮಾಡಿಕೊಡು, ದುಡ್ಡು ಕೊಡುತ್ತೇನೆ' ಎನ್ನುತ್ತಾನೆ. ಹುಡುಗನಿಗೂ ಹಿಗ್ಗು, ಹೆತ್ತವರಿಗೂ ಹಿಗ್ಗು. ಕೈಯಲ್ಲಿ ಕಸುಬು ಬಂತು, ನಾಲ್ಕು ಕಾಸು ಬಂತು ಎಂದು ಲೆಕ್ಕ ಹಾಕುವ ಹೊತ್ತು ಅದು.

ಈ ಕಸುಬಿನಲ್ಲಿ ನುರಿತವರು ಹೊಸಬರಿಗೆ ತಡೆ ಹಾಕುವುದು ಇಲ್ಲಿಯೇ. ಬಡಗಿ ಕುರ್ಚಿಯ ಕಾಲು ಕೆಡಿಸಿದರೆ ಬೇರೆ ಮರ ತರಬಹುದು. ಗಿರಾಕಿಯ ಜಿಂಕೆ ಒಂದೇ. ಅದು ಅವನ ಮಗನ ಮೊದಲ ಬೇಟೆಯಾಗಿರಬಹುದು, ತೀರಿಕೊಂಡ ತಂದೆಯೊಡನೆ ಕಾಡಿಗೆ ಹೋದ ಕೊನೆಯ ವರ್ಷದ್ದಾಗಿರಬಹುದು. ಅದರ ಕಿವಿಯ ಕೂದಲು ಉದುರಿಹೋದರೆ ತಿರುಗಿ ಕೊಡಲು ಏನೂ ಇಲ್ಲ.

ಒಳಗೆ ಜಿಂಕೆಯಿಲ್ಲ

ಹುಲ್ಲು ತುಂಬಿಸಿ ಹೊಲಿಯುವುದೇ ಈ ಕೆಲಸ ಎಂಬ ನಂಬಿಕೆ ಇನ್ನೂ ಇದೆ. ಅದು ನೂರು ವರ್ಷಕ್ಕೂ ಹಿಂದಿನ ಮಾತು. ಈಗ ಗೋಡೆಯ ಮೇಲಿರುವ ಜಿಂಕೆಯಲ್ಲಿ ನಿಜವಾದ ಜಿಂಕೆಯದ್ದೆಂದರೆ ಚರ್ಮ ಮತ್ತು ಕೊಂಬು, ಕೊಂಬಿನ ಬುಡದ ಒಂದು ತುಂಡು ತಲೆಬುರುಡೆ, ಅಷ್ಟೇ. ಒಳಗಿರುವುದು ಪಾಲಿಯುರಥೇನ್ ನೊರೆಯಿಂದ ಎರಕ ಹೊಯ್ದ ಬೊಂಬೆ. ಕಣ್ಣು ಗಾಜಿನದು. ಕಿವಿಯೊಳಗಿನ ಮೃದ್ವಸ್ಥಿಯನ್ನೂ ತೆಗೆದು ಪ್ಲಾಸ್ಟಿಕ್ ಹಾಳೆಯನ್ನೋ ಗಟ್ಟಿಯಾಗುವ ಲೇಪವನ್ನೋ ಇಡುತ್ತಾರೆ.

ಬೊಂಬೆ ಅಂಗಡಿಯಲ್ಲಿ ಸಿಗುತ್ತದೆ, ಅಳತೆ ಹೇಳಿ ತರಿಸಿಕೊಳ್ಳಬೇಕು. ಕಣ್ಣಿನ ಮುಂದಿನ ಮೂಲೆಯಿಂದ ಮೂಗಿನ ತುದಿಗೆ ಎಷ್ಟು, ಕಿವಿಯ ಹಿಂದೆ ಕುತ್ತಿಗೆಯ ಸುತ್ತಳತೆ ಎಷ್ಟು ಎಂಬ ಎರಡು ಲೆಕ್ಕ ಮುಖ್ಯ. ಚರ್ಮ ಸುಲಿಯುವ ಮೊದಲೇ ಇವನ್ನು ಟೇಪಿನಲ್ಲಿ ಹಿಡಿದಿಟ್ಟರೆ ಕೆಲಸ ಹಗುರ. ಹೊಸಬ ಇಲ್ಲಿ ಆಸೆಗೆ ಬೀಳುತ್ತಾನೆ. ಕುತ್ತಿಗೆ ದಪ್ಪಗಿದ್ದರೆ ಜಿಂಕೆ ಗತ್ತಿನಿಂದ ಕಾಣುತ್ತದೆಂದು ದೊಡ್ಡ ಬೊಂಬೆ ತರಿಸುತ್ತಾನೆ. ಒದ್ದೆ ಚರ್ಮ ಎಳೆದರೆ ಹಿಗ್ಗುತ್ತದೆ, ಹೊಲಿಗೆ ಕೂಡಿಕೊಳ್ಳುತ್ತದೆ. ಒಣಗುವಾಗ ಅದೇ ಚರ್ಮ ಕುಗ್ಗಿ ಹೊಲಿಗೆಯನ್ನು ಬಿಡಿಸುತ್ತದೆ.

ಚರ್ಮ ಹದಮಾಡುವುದೂ ಹೀಗೆಯೇ, ಕಣ್ಣಿಗೆ ಬೀಳದ ಕಡೆ ಸೋಲುವ ಕೆಲಸ. ಕಿವಿಯನ್ನು ಕಾಲುಚೀಲದಂತೆ ಅಂಚಿನವರೆಗೂ ಒಳಹೊರಗು ಮಾಡಬೇಕು. ತುಟಿ, ಮೂಗು, ಕಣ್ಣಿನ ರೆಪ್ಪೆಗಳ ಒಳಪದರವನ್ನು ಸೀಳಿ ತೆರೆಯಬೇಕು. ಆಮೇಲೆ ಅಯೋಡಿನ್ ಇಲ್ಲದ ಸಣ್ಣ ಉಪ್ಪನ್ನು ಉದಾರವಾಗಿ ತಿಕ್ಕಿ ಒಂದು ದಿನ ಬಿಟ್ಟು, ನೀರು ಹಿಡಿದ ಉಪ್ಪನ್ನು ಕೊಡವಿ ಮತ್ತೆ ತಿಕ್ಕಬೇಕು. ಉಪ್ಪು ತಲುಪದ ಒಂದು ಮಡಿಕೆ ಉಳಿದರೂ ಅಲ್ಲಿ ಬ್ಯಾಕ್ಟೀರಿಯಾ ಕೂತು ಕೂದಲಿನ ಬುಡ ಸಡಿಲಾಗುತ್ತದೆ. ಉದುರಿದ ಕೂದಲು ತಿರುಗಿ ನಿಲ್ಲದು. ಅನೇಕರು ಈ ಹಂತದ ನಂತರದ ಆಮ್ಲದ ಸ್ನಾನ, ಚರ್ಮ ತೆಳು ಮಾಡುವುದು, ಹದ ಮತ್ತು ಎಣ್ಣೆ ಇವನ್ನೆಲ್ಲ ಚರ್ಮ ಹದಮಾಡುವ ಕಾರ್ಖಾನೆಗೆ ಒಪ್ಪಿಸುತ್ತಾರೆ. ಹೊಸಬರಿಗೆ ಅದು ಜಾಣತನವೇ. ಎಲ್ಲವನ್ನೂ ಒಟ್ಟಿಗೆ ಕಲಿಯಹೊರಟರೆ ತಪ್ಪು ಎಲ್ಲಿ ನಡೆಯಿತೆಂದೇ ತಿಳಿಯುವುದಿಲ್ಲ.

ಕಣ್ಣಿಗೆ ಬಂದರೆ, ಈ ಕಸುಬಿನ ಮುಕ್ಕಾಲು ಪಾಲು ಅಲ್ಲಿಯೇ ಇದೆ ಎನ್ನಬಹುದು. ಹೊಸಬರ ಜಿಂಕೆಗಳೆಲ್ಲ ಒಂದೇ ರೀತಿ ನೋಡುತ್ತವೆ: ಬೆಚ್ಚಿಬಿದ್ದು, ಕಣ್ಣು ಹೊರಗೆ ಬಂದ ಹಾಗೆ. ಗಾಜಿನ ಗುಡ್ಡೆಯನ್ನು ಪೂರಾ ಕಾಣುವಂತೆ ಕೂರಿಸುವುದೇ ಕಾರಣ. ಜೀವಂತ ಜಿಂಕೆಯ ಮೇಲಿನ ರೆಪ್ಪೆ ಗುಡ್ಡೆಯನ್ನು ಕೊಂಚ ಮುಚ್ಚಿರುತ್ತದೆ. ಮುಂದಿನ ಮೂಲೆಯಲ್ಲಿ ಮೂರನೆಯ ರೆಪ್ಪೆಯ ಸಣ್ಣ ಅಂಚು ಕಾಣುತ್ತದೆ. ಅದರ ಮುಂದೆ ಸುವಾಸನೆಯ ಗ್ರಂಥಿಯ ಒಂದು ಕುಳಿಯಿದೆ. ಹೊಸಬರು ಅದನ್ನು ಮಣ್ಣಿನಿಂದ ಮುಚ್ಚಿಬಿಡುತ್ತಾರೆ, ಇಲ್ಲವೇ ಬೆರಳಿಂದ ಒತ್ತಿ ಗುಂಡಿ ಮಾಡುತ್ತಾರೆ. ಪಾಪೆಯೂ ದುಂಡಗಿಲ್ಲ, ಅಡ್ಡಗಲ. ತಲೆ ಬಗ್ಗಿಸಿದರೂ ಅದು ನೆಲಕ್ಕೆ ಸಮನಾಗಿ ಉಳಿಯುವಂತೆ ಗುಡ್ಡೆ ಒಳಗೇ ತಿರುಗುತ್ತದೆ. ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ, ಮೇಯುತ್ತಿರುವ ಮೇಕೆಯ ಕಣ್ಣನ್ನು ದಿಟ್ಟಿಸಿದರೆ ಸಾಕು. ಹಾಗಾಗಿ ತಲೆ ತಗ್ಗಿಸಿದ ಬೊಂಬೆಗೂ ತಲೆಯೆತ್ತಿದ ಬೊಂಬೆಗೂ ಗಾಜಿನ ಕಣ್ಣನ್ನು ಒಂದೇ ಕೋನದಲ್ಲಿ ಇಡಲು ಬರುವುದಿಲ್ಲ.

ಮುಖದ ಭಾವವೂ ಒಂದಕ್ಕೊಂದು ಹೊಂದಬೇಕು. ಕಿವಿ ಹಿಂದಕ್ಕೆ ಮಲಗಿದ್ದರೆ ಜಿಂಕೆ ಮುನಿದಿದೆ ಎಂದರ್ಥ. ಆಗ ಕಣ್ಣು ಸೌಮ್ಯವಾಗಿರುವುದು ಹೇಗೆ? ಎರಡೂ ಕಿವಿ ಮುಂದಿದ್ದರೆ ಯಾವುದೋ ಸದ್ದಿಗೆ ಎಚ್ಚೆತ್ತಿದೆ, ಮೂಗಿನ ಹೊಳ್ಳೆ ಅರಳಿರಬೇಕು.

ನಾಲ್ಕು ಋತುಗಳ ಜಿಂಕೆ

ಇದನ್ನೆಲ್ಲ ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಕಾರ್ಲ್ ಏಕ್ಲಿ ಒಬ್ಬ. 1864ರಲ್ಲಿ ನ್ಯೂಯಾರ್ಕ್ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಈತ ಬಾಲಕನಾಗಿದ್ದಾಗಲೇ ಸತ್ತ ಕೆನರಿ ಹಕ್ಕಿಯೊಂದನ್ನು ಚರ್ಮಪ್ರಸಾಧನ ಮಾಡಿದ್ದ. 19ನೆಯ ವಯಸ್ಸಿಗೆ ರಾಚೆಸ್ಟರ್ ನಗರದ ವಾರ್ಡ್ಸ್ ಎಂಬ ಪ್ರಸಿದ್ಧ ಸಂಸ್ಥೆಗೆ ಸೇರಿದ. ವಾರಕ್ಕೆ ಮೂರೂವರೆ ಡಾಲರ್ ಸಂಬಳ. ಅಲ್ಲಿ ಆಗ ಚರ್ಮದೊಳಗೆ ಒಣಹುಲ್ಲು ತುರುಕಿ ಹೊಲಿಯುತ್ತಿದ್ದರು. ಏಕ್ಲಿಗೆ ಅದು ಹಿಡಿಸಲಿಲ್ಲ. ಮೊದಲು ಪ್ರಾಣಿಯ ಮೂಳೆ, ಸ್ನಾಯುಗಳನ್ನು ಅರಿತು ಜೇಡಿಮಣ್ಣಿನಲ್ಲಿ ಮೂರ್ತಿ ಮಾಡಬೇಕು, ಅದರ ಅಚ್ಚು ತೆಗೆದು ಹಗುರವಾದ ಪೊಳ್ಳು ಬೊಂಬೆ ಎರೆಯಬೇಕು, ಚರ್ಮ ಹೊದಿಸುವುದು ಕೊನೆಗೆ ಎಂಬ ದಾರಿಯನ್ನು ಆತ ವರ್ಷಗಟ್ಟಲೆ ತಿದ್ದಿ ತೀಡಿದ.

ಆ ದಾರಿ ಪಕ್ವವಾದದ್ದು ಬಿಳಿಬಾಲದ ಜಿಂಕೆಯ ಮೇಲೆಯೇ. ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಇಂದಿಗೂ ಇರುವ 'ನಾಲ್ಕು ಋತುಗಳು' ಎಂಬ ಜಿಂಕೆಗಳ ದೃಶ್ಯಮಾಲೆ 1902ರಲ್ಲಿ ಮುಗಿಯಿತು. ವಸಂತ, ಬೇಸಿಗೆ, ಶರತ್ತು, ಚಳಿಗಾಲಗಳಲ್ಲಿ ಅದೇ ಜಿಂಕೆಯ ಮೈಬಣ್ಣ, ಕೊಂಬು, ನಿಲುವು ಹೇಗೆ ಬದಲಾಗುತ್ತವೆಂದು ಅಲ್ಲಿ ನೋಡಬಹುದು. ಮೇಣದ ಎಲೆಗಳನ್ನು ಒಂದೊಂದಾಗಿ ಮಾಡುವ ಕೆಲಸದಲ್ಲಿ ಆತನ ಹೆಂಡತಿ ಡೇಲಿಯಾ ಜೊತೆಯಾಗಿದ್ದಳು. ಇಬ್ಬರೂ ಹಲವು ವರ್ಷ ಇದಕ್ಕೆ ದುಡಿದರು. ಈಗಿನ ನೊರೆಯ ಬೊಂಬೆ ಏಕ್ಲಿಯ ಆ ಮಣ್ಣಿನ ಮೂರ್ತಿಯ ಮೊಮ್ಮಗ ಎನ್ನಬೇಕು. ಮೂರ್ತಿ ಮಾಡುವ ಶ್ರಮವನ್ನು ಅಂಗಡಿ ಉಳಿಸಿಕೊಟ್ಟಿದೆ. ಜಿಂಕೆಯನ್ನು ನೋಡುವ ಶ್ರಮ ಮಾತ್ರ ಕಲಿಯುವವನ ಪಾಲಿಗೇ ಉಳಿದಿದೆ.

ಆದ್ದರಿಂದ ಅಭ್ಯಾಸ ಶುರುವಾಗುವುದು ಚಾಕುವಿನಿಂದಲ್ಲ. ಜೀವಂತ ಜಿಂಕೆಯ ಫೋಟೋಗಳನ್ನು ಎದುರು, ಪಕ್ಕ, ಮೇಲೆ ಹೀಗೆ ಹಲವು ಕೋನಗಳಿಂದ ಕೂಡಿಹಾಕುತ್ತಾರೆ. ಸತ್ತ ಜಿಂಕೆಯ ಮುಖದ ಪ್ಲಾಸ್ಟರ್ ಅಚ್ಚು ತೆಗೆದು ಮೇಜಿನ ಮೇಲಿಟ್ಟುಕೊಳ್ಳುತ್ತಾರೆ. ಚರ್ಮವೇ ಇಲ್ಲದೆ ಬರೀ ಬೊಂಬೆಯ ಮೇಲೆ ಕಣ್ಣು ಕೂರಿಸಿ, ಮಣ್ಣಿನ ರೆಪ್ಪೆ ಮಾಡಿ, ಕಿತ್ತು, ಮತ್ತೆ ಮಾಡುತ್ತಾರೆ. ಕೊಂಬಿಲ್ಲದ ಹೆಣ್ಣು ಜಿಂಕೆಯ ತೊಗಲನ್ನು ಹೆಚ್ಚಿನವರು ಗೋಡೆಗೆ ಏರಿಸುವುದಿಲ್ಲ, ಅದು ಅಭ್ಯಾಸಕ್ಕೆ ಒದಗುತ್ತದೆ. ಕೊಳ್ಳುವುದಾದರೆ ಆ ರಾಜ್ಯದ ಕಾನೂನು ಒಪ್ಪುತ್ತದೆಯೇ ಎಂದು ಮೊದಲು ನೋಡಬೇಕು. ಇನ್ನೊಂದು ಉಪಾಯವೂ ಇದೆ: ತೊಗಲು ಒದ್ದೆಯಿರುವಾಗಲೇ ಬೊಂಬೆಯಿಂದ ಬಿಚ್ಚಿ, ಅಂಟು ತೊಳೆದು, ಮರುದಿನ ಮತ್ತೆ ಹೊದಿಸುವುದು. ಒಂದೇ ತೊಗಲಿನಲ್ಲಿ ಎರಡು ಮೂರು ಪಾಠ.

ಕೆಲಸ ಮುಗಿದ ಮೇಲೆ ಒಣಗಲು ಎರಡು ವಾರವಾದರೂ ಬೇಕು. ಮೊದಲ ದಿನಗಳಲ್ಲಿ ದಿನಕ್ಕೆರಡು ಸಲ ನೋಡುತ್ತಿರಬೇಕು. ತುಟಿ ಹೊರಗೆ ಜಾರುತ್ತದೆ, ಕಣ್ಣಿನ ಮೂಲೆ ಬಿಡುತ್ತದೆ, ಅಂಟು ಸಾಲದ ಕಡೆ ಚರ್ಮ ಬೊಂಬೆಯಿಂದ ಎದ್ದು ತಮಟೆಯಂತಾಗುತ್ತದೆ. ಗುಂಡುಸೂಜಿ ಚುಚ್ಚಿ ಕೂರಿಸಿದರೆ ಸರಿಹೋದೀತು. ಇಲ್ಲಿಗೆ ಮುಗಿಯಿತೆಂದು ಹೊಸಬ ತಿಳಿಯುತ್ತಾನೆ. ಆದರೆ ಕೆಲವು ತಪ್ಪುಗಳು ಎರಡು ವಾರದಲ್ಲಿ ಹೊರಬರುವುದೇ ಇಲ್ಲ. ಚಳಿಗಾಲದಲ್ಲಿ ಅಲ್ಲಿಯ ಮನೆಗಳೊಳಗೆ ಹೀಟರ್ ಉರಿಯುತ್ತದೆ, ಗಾಳಿ ಒಣಗಿ ಕಟಕಟೆಯಾಗುತ್ತದೆ. ಚೆನ್ನಾಗಿ ತೆಳುವಾಗದ, ಅರೆಬರೆ ಹದವಾದ ಚರ್ಮ ಆಗ ಸೆಟೆಯುತ್ತದೆ. ಕಿವಿಯ ತುದಿ ಸುರುಳಿಯಾಗುತ್ತದೆ, ಕುತ್ತಿಗೆಯ ಹಿಂದಿನ ಹೊಲಿಗೆ ಬಾಯಿ ಬಿಡುತ್ತದೆ. ಆದಕಾರಣ ಮೊದಲ ಕೆಲವು ತಲೆಗಳು ಸ್ವಂತ ಮನೆಯ ಗೋಡೆಯ ಮೇಲೆ ಒಂದು ಚಳಿಗಾಲವನ್ನಾದರೂ ಕಳೆಯಬೇಕು. ಅದಕ್ಕೆ ಮುಂಚೆ ಹಣ ಪಡೆದವನು ತನಗೇ ಗೊತ್ತಿಲ್ಲದ ಸರಕನ್ನು ಮಾರಿದ ಹಾಗೆ.

ಟಾರ್ಚ್ ಹಿಡಿದ ತೀರ್ಪುಗಾರ

ಮನೆಯವರ ಹೊಗಳಿಕೆ ಇಲ್ಲಿ ಕೆಲಸಕ್ಕೆ ಬಾರದು. ಅಮೆರಿಕದ ರಾಜ್ಯ ಸಂಘಗಳು ನಡೆಸುವ ಸ್ಪರ್ಧೆಗಳಲ್ಲಿ ಹೊಸಬರಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ತೀರ್ಪುಗಾರ ಟಾರ್ಚ್ ಹಿಡಿದು ಮೂಗಿನ ಹೊಳ್ಳೆಯೊಳಗೆ, ಕಿವಿಯೊಳಗೆ ಇಣುಕುತ್ತಾನೆ. ನೂರಕ್ಕೆ ಅಂಕ ಕೊಡುತ್ತಾನೆ. ಅಂಕಕ್ಕಿಂತ ಬೆಲೆಬಾಳುವುದು ಆಮೇಲೆ ಆತ ಪಕ್ಕದಲ್ಲಿ ನಿಂತು ಹೇಳುವ ನಾಲ್ಕು ಮಾತು: ಮೂಗಿಗೆ ಬಳಿದ ಬಣ್ಣ ಬೂಟಿನ ಪಾಲಿಶಿನಂತಿದೆ, ಎಡಗಣ್ಣು ಬಲಗಣ್ಣಿಗಿಂತ ಮೇಲಿದೆ, ಹೀಗೆ. ಈ ಪದ್ಧತಿ ಹಳೆಯದು. ಅಮೆರಿಕದ ಚರ್ಮಪ್ರಸಾಧಕರ ಸಂಘ 1880ರಲ್ಲಿ ರಾಚೆಸ್ಟರಿನಲ್ಲಿ ತನ್ನ ಮೊದಲ ಪ್ರದರ್ಶನ ನಡೆಸಿತು. ಅದರ ಸ್ಥಾಪಕರಲ್ಲೊಬ್ಬನಾದ ವಿಲಿಯಂ ಹಾರ್ನಡೇ ಅದಕ್ಕೆ ಕೆಲವೇ ವರ್ಷ ಮೊದಲು ದಕ್ಷಿಣ ಭಾರತದ ನೀಲಗಿರಿ, ಆನೆಮಲೆಗಳಲ್ಲಿ ಪ್ರಾಣಿಗಳನ್ನು ಸಂಗ್ರಹಿಸುತ್ತ ಅಲೆದವನು. 1983ರಿಂದ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತ ಬಂದಿದೆ.

ಮೈಸೂರಿನವರಿಗಂತೂ ಈ ಕಸುಬು ಅಪರಿಚಿತವಲ್ಲ. 1900ರ ಸುಮಾರಿಗೆ ಯೂಜೀನ್ ವ್ಯಾನ್ ಇಂಗೆನ್ ಆರಂಭಿಸಿ, ಮಕ್ಕಳು ಮುಂದುವರಿಸಿದ ಕಾರ್ಖಾನೆ 1999ರವರೆಗೂ ಅಲ್ಲಿತ್ತು. ಕಾಗದದ ಪಲ್ಪಿನ ಪೊಳ್ಳು ಬೊಂಬೆಗಳ ಮೇಲೆ ಅವರು ಹೊದಿಸಿದ ಹುಲಿ, ಚಿರತೆಗಳು ನಲವತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು. ತಂದೆಯ ಕೈಕೆಳಗೆ ಕಲಿತ ಮಕ್ಕಳಲ್ಲಿ ಕೊನೆಯವರಾಗಿ ಉಳಿದಿದ್ದ ಜೂಬರ್ಟ್ 2013ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅಂಥ ಬೇಟೆಯ ಕೆಲಸಕ್ಕೆ ಇಲ್ಲಿ ಅವಕಾಶವಿಲ್ಲ. ಆಸಕ್ತ ವಿದ್ಯಾರ್ಥಿಗಳು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು: ಚುಕ್ಕೆಜಿಂಕೆ, ಕಡವೆಗಳ ಚರ್ಮವಷ್ಟೇ ಅಲ್ಲ, ಕಾಡಿನಲ್ಲಿ ತಾನಾಗಿ ಉದುರಿಬಿದ್ದ ಕೊಂಬನ್ನು ಮನೆಗೆ ತಂದಿಟ್ಟುಕೊಂಡರೂ ಅಪರಾಧವೇ. ನಮ್ಮಲ್ಲಿ ಈ ವಿದ್ಯೆಗೆ ಉಳಿದಿರುವ ದಾರಿ ಪಶುವೈದ್ಯಕೀಯ ಮತ್ತು ವಸ್ತುಸಂಗ್ರಹಾಲಯಗಳ ಮೂಲಕ. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ಕೇಂದ್ರ ಅದಕ್ಕೆ ಉದಾಹರಣೆ. ಮೃಗಾಲಯ, ಉದ್ಯಾನಗಳಲ್ಲಿ ಸತ್ತ ಪ್ರಾಣಿಗಳನ್ನು ಅಲ್ಲಿ ಶಿಕ್ಷಣಕ್ಕಾಗಿ ಉಳಿಸುತ್ತಾರೆ. ಅದನ್ನು ಕಟ್ಟಿದ ಡಾ. ಸಂತೋಷ್ ಗಾಯಕ್ವಾಡ್ ಪಶುವೈದ್ಯಕೀಯ ಪ್ರಾಧ್ಯಾಪಕರು. ಹಕ್ಕಿಗಳ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ದೊಡ್ಡ ಪ್ರಾಣಿಗಳಿಗೆ ಬಂದವರು.

ಅಮೆರಿಕದ ಹುಡುಗನ ವಿಷಯಕ್ಕೆ ಮರಳಿದರೆ, ಅವನಿಗೂ ಕಾನೂನಿನ ಕಟ್ಟುಪಾಡುಗಳುಂಟು. ಹಣ ಪಡೆದು ಮಾಡುವುದಾದರೆ ಅನೇಕ ರಾಜ್ಯಗಳಲ್ಲಿ ಪರವಾನಗಿ ಬೇಕು. ವಲಸೆ ಹಕ್ಕಿ ಮುಟ್ಟುವುದಾದರೆ ಕೇಂದ್ರ ಸರ್ಕಾರದ್ದು ಬೇರೆ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡ, ಜಿಂಕೆಗಳ ಮಿದುಳನ್ನು ತಿನ್ನುವ ಕ್ಷಯಿಸುವ ರೋಗವೊಂದು ಹರಡುತ್ತಿರುವುದರಿಂದ ಇಡೀ ತಲೆಯನ್ನು ಗಡಿ ದಾಟಿಸಲು ಹಲವು ರಾಜ್ಯಗಳು ಬಿಡುವುದಿಲ್ಲ.

ಇನ್ನು ದುಡ್ಡಿನ ಮಾತು. ಭುಜದವರೆಗಿನ ಒಂದು ತಲೆಗೆ ಊರು ನೋಡಿ, ಕೈ ನೋಡಿ ಐನೂರರಿಂದ ಸಾವಿರ ಡಾಲರ್ ಕೊಡುವವರಿದ್ದಾರೆ. ಬೊಂಬೆ, ಕಣ್ಣು, ಹದದ ಖರ್ಚು ಕಳೆದು ಉಳಿದದ್ದನ್ನು ಗಂಟೆಗಳಿಂದ ಭಾಗಿಸಿದರೆ ಹೊಸಬನಿಗೆ ಕೂಲಿಯೂ ಗಿಟ್ಟುವುದಿಲ್ಲ. ಅಗ್ಗಕ್ಕೆ ಒಪ್ಪಿಕೊಂಡರೆ ಗಿರಾಕಿಗಳು ಮುತ್ತುತ್ತಾರೆ. ಆಗ ಇನ್ನೊಂದು ಫಜೀತಿ. ಜಿಂಕೆಗಳೆಲ್ಲ ಬರುವುದು ಆರೇಳು ವಾರಗಳಲ್ಲಿ, ಕೆಲಸ ಮಾತ್ರ ಇಡೀ ವರ್ಷದ್ದು. ಫ್ರೀಜರಿನಲ್ಲಿ ಸರಿಯಾಗಿ ಸುತ್ತದೆ ಬಿಟ್ಟ ತೊಗಲು ತಿಂಗಳುಗಳಲ್ಲಿ ಒಣಗಿ ಕೆಡುತ್ತದೆ. ಆದುದರಿಂದ ಮೊದಲ ಹಂಗಾಮಿಗೆ ಐದಾರೇ ತಲೆ ಎಂದು ಗಟ್ಟಿಯಾಗಿ ಹೇಳಿಬಿಡುವುದು ಒಳ್ಳೆಯದು. ಪ್ರತಿ ತೊಗಲಿಗೂ ಬೇಟೆಗಾರನ ಹೆಸರು, ಲೈಸೆನ್ಸ್ ಸಂಖ್ಯೆ, ಬಂದ ದಿನ, ಅಳತೆ ಬರೆದ ಚೀಟಿ ಕಟ್ಟಬೇಕು. ಅರ್ಧ ಹಣ ಮುಂಗಡ, ಉಳಿದದ್ದು ಒಯ್ಯುವಾಗ. ಯಾವ ತಿಂಗಳು ಕೊಡುತ್ತೇನೆಂಬುದು ಬರವಣಿಗೆಯಲ್ಲಿರಬೇಕು. ಒಂದು ವರ್ಷದೊಳಗೆ ಹೊಲಿಗೆ ಬಿಟ್ಟರೆ, ಕಿವಿ ಸೀಳಿದರೆ ಪುಕ್ಕಟೆ ಸರಿಪಡಿಸುತ್ತೇನೆಂಬ ಸಾಲನ್ನೂ ರಸೀದಿಯ ಕೆಳಗೆ ಸೇರಿಸುವವರಿದ್ದಾರೆ.